ಮಗುವಿನ ಹಾಸಿಗೆ ಸೆಟ್, ಸಾಸಿವೆ ದಿಂಬು, ಡ್ರೈ ಶೀಟ್, ಕೌದಿ: ಮಲೆನಾಡಿನ ಒಂದು ಮಳೆಗಾಲ ದಾಟಿದ ಮೇಲೆ

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿದೆ. ಕಳೆದ ವರ್ಷ ಜೂನ್ ಮೊದಲ ವಾರ, ಇನ್ನೇನು ಮೃಗಶಿರ ಮಳೆ ಹಿಡಿಯಬೇಕು ಅನ್ನುವಾಗ ಮಗಳು ಹುಟ್ಟಿದಳು. ಹೆಂಡತಿಗೆ ಸಿಸೇರಿಯನ್ ಆಗಿತ್ತು, ಬಗ್ಗಿ ಬಟ್ಟೆ ಒಗೆಯುವ ಹಾಗಿರಲಿಲ್ಲ. ಅಮ್ಮನಿಗೆ ಮಂಡಿ ನೋವು. ಹಾಗಾಗಿ ಕೂಸಿನ ಹಾಸಿಗೆ, ದಿಂಬು, ಬಟ್ಟೆ ಎಲ್ಲವನ್ನೂ ತೊಳೆದು ಒಣಗಿಸುವ ಕೆಲಸ ಮೊದಲ ದಿನದಿಂದಲೇ ನನ್ನದಾಯಿತು. ಪೇಟೆಯಲ್ಲಿ ನನ್ನದೊಂದು ಸಣ್ಣ ಎಲೆಕ್ಟ್ರಿಕಲ್ ಅಂಗಡಿ ಇದೆ. ಬೆಳಗ್ಗೆ ಅಂಗಡಿ ಬಾಗಿಲು ತೆಗೆಯುವ ಮುಂಚೆ ಒಂದು ಸಲ, ರಾತ್ರಿ ಮನೆಗೆ ಬಂದ ಮೇಲೆ ಇನ್ನೊಂದು ಸಲ ಒಗೆತ. ಈಗ ಮಗಳಿಗೆ ಹದಿನಾಲ್ಕು ತಿಂಗಳು.

ಇಷ್ಟು ದಿನದಲ್ಲಿ ನಾವು ದುಡ್ಡು ಕೊಟ್ಟು ತಂದಿದ್ದು ಯಾವುದು ಉಪಯೋಗಕ್ಕೆ ಬಂತು, ಯಾವುದು ಮೂಲೆ ಸೇರಿತು ಅಂತ ಬರೆಯುತ್ತಿದ್ದೇನೆ. ಮಗುವಿಗೆ ಹಾಸಿಗೆ ತರುವಾಗ ನಾವು ಕೈಯಿಂದ ಒತ್ತಿ ಮೆತ್ತಗಿದೆಯಾ ಅಂತ ನೋಡಿದೆವು. ಅದನ್ನು ಬಿಚ್ಚಲು ಬರುತ್ತದಾ, ಪೂರ್ತಿ ತೊಳೆಯಲು ಬರುತ್ತದಾ, ಬೆಳಗ್ಗೆ ತೊಳೆದರೆ ಮಾರನೇ ದಿನದೊಳಗೆ ಒಣಗುತ್ತದಾ ಅಂತ ಕೇಳಲಿಲ್ಲ. ಆ ಮೂರು ಪ್ರಶ್ನೆ ಕೇಳಿದ್ದರೆ ಸುಮಾರು ಎರಡು ಸಾವಿರ ರೂಪಾಯಿ ಉಳಿಯುತ್ತಿತ್ತು. ಕೂಸಿಗೂ ಒಳ್ಳೆಯದಾಗುತ್ತಿತ್ತು.

ಮೊದಲು ಆ ಸೆಟ್ ವಿಷಯ. ಹೆಂಡತಿಗೆ ಏಳು ತಿಂಗಳಾಗಿದ್ದಾಗ ಶಿವಮೊಗ್ಗದ ಒಂದು ಅಂಗಡಿಯಲ್ಲಿ ತಗೊಂಡೆವು. 1,650 ರೂಪಾಯಿ. ಒಂದು ಪುಟ್ಟ ಹಾಸಿಗೆ, ಒಂದು ತಲೆದಿಂಬು, ಅಕ್ಕಪಕ್ಕ ಇಡುವ ಎರಡು ಉರುಟು ದಿಂಬು, ಮೇಲೆ ಕೊಡೆಯ ಹಾಗೆ ಮಡಚುವ ಸೊಳ್ಳೆಪರದೆ. ಮೊಲದ ಚಿತ್ರ ಇತ್ತು, ನೋಡಲು ಬಹಳ ಚೆಂದ. ಹಾಸಿಗೆಯ ಒಳಗೆ ಪಾಲಿಯೆಸ್ಟರ್ ಹತ್ತಿ ತುಂಬಿ ಸುತ್ತಲೂ ಹೊಲಿದಿದ್ದರು. ಜಿಪ್ ಇಲ್ಲ. ಸೊಳ್ಳೆಪರದೆಯನ್ನೂ ಅದೇ ಹಾಸಿಗೆಗೆ ಸೇರಿಸಿ ಹೊಲಿದಿದ್ದರು. ಅಂದರೆ ಒಂದು ಮೂಲೆ ಒದ್ದೆಯಾದರೂ ಇಡೀ ಸೆಟ್ ಒಗೆಯಬೇಕು.

ಆಸ್ಪತ್ರೆಯಿಂದ ಬಂದು ನಾಲ್ಕನೇ ದಿನ ಉಚ್ಚೆ ಒಳಗೆ ಇಳಿಯಿತು. ತೊಳೆದು ಹಿಂಡಲು ಹೋದರೆ ಒಳಗಿನ ಹತ್ತಿಯೆಲ್ಲ ಒಂದು ಕಡೆ ಗುಡ್ಡೆಯಾಯಿತು. ನೀರು ಕುಡಿದ ಹಾಸಿಗೆ ಎರಡು ಕೈಯಲ್ಲಿ ಎತ್ತಬೇಕಾದಷ್ಟು ಭಾರ. ಜಗಲಿಯಲ್ಲಿ ನೇತುಹಾಕಿದೆ. ಆರು ದಿನ ಆರಲಿಲ್ಲ. ಏಳನೇ ದಿನ ಮೇಲೆ ಕೈಯಾಡಿಸಿದಾಗ ಒಣಗಿದ ಹಾಗಿತ್ತು, ಆದರೆ ತಿರುಗಿಸಿದರೆ ಅಡಿಯ ಹೊಲಿಗೆ ಸಾಲಿನುದ್ದಕ್ಕೂ ಕರಿ ಎಳ್ಳು ಉದುರಿಸಿದ ಹಾಗೆ ಬೂಷ್ಟಿನ ಚುಕ್ಕೆ. ಅವತ್ತೇ ಅದನ್ನು ಪಕ್ಕಕ್ಕಿಟ್ಟೆ. ಸೊಳ್ಳೆಪರದೆಯನ್ನು ಮಾತ್ರ ಬ್ಲೇಡಿನಲ್ಲಿ ಬಿಡಿಸಿ ಇಟ್ಟುಕೊಂಡೆವು. ಅದು ಇವತ್ತಿಗೂ ಚೆನ್ನಾಗಿದೆ. ನೀವು ತಗೊಳ್ಳುವುದಾದರೆ ಪರದೆ ಬೇರೆ, ಹಾಸಿಗೆ ಬೇರೆ ಇರುವುದನ್ನೇ ಕೇಳಿ.

ಬಯಲುಸೀಮೆಯವರಿಗೆ ಈ ಸೆಟ್ಟಿನಿಂದ ಇಷ್ಟು ತೊಂದರೆ ಆಗಲಿಕ್ಕಿಲ್ಲ. ಒಂದು ಹಗಲು ಬಿಸಿಲಿಗೆ ಹಾಕಿದರೆ ಒಣಗಿಬಿಡುತ್ತದೆ. ನಮ್ಮಲ್ಲಿ ಹಾಗಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ನಮ್ಮ ಮನೆ ಅಲ್ಲಿಂದ ದೂರವೇನಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಸಿಲು ಅನ್ನುವುದು ನೆಂಟರ ಹಾಗೆ, ಬಂದರೆ ಬಂತು.

ಇನ್ನು ಸಾಸಿವೆ ದಿಂಬು. ಇದರ ಬಗ್ಗೆ ಜಾಸ್ತಿ ಹೇಳಬೇಕು, ಯಾಕೆಂದರೆ ನಮ್ಮ ಕಡೆ ಹುಟ್ಟಿದ ಪ್ರತಿ ಕೂಸಿಗೂ ಇದನ್ನು ಯಾರಾದರೂ ಒಬ್ಬರು ತಂದು ಕೊಡುತ್ತಾರೆ. ಕೆಲವರು ರಾಗಿ ತುಂಬುತ್ತಾರೆ, ಕೆಲವರು ಸಾಸಿವೆ. ಕಾಳು ಸರಿದು ಕೂಸಿನ ತಲೆಗೆ ಗುಳಿಯಾಗಿ ಕೂರುತ್ತದೆ, ತಲೆ ದುಂಡಗಾಗುತ್ತದೆ ಅನ್ನುವುದು ನಂಬಿಕೆ. ನಾನೂ ಅಂಥ ದಿಂಬಿನ ಮೇಲೆಯೇ ಮಲಗಿ ಬೆಳೆದವನಂತೆ. ಅಮ್ಮ ಹೊಲಿಯುತ್ತೇನೆ ಅಂದಿದ್ದರು, ಮಂಡಿ ನೋವಲ್ಲಿ ಬೇಡ ಅಂತ ನಾನೇ ಆನ್‌ಲೈನ್‌ನಲ್ಲಿ 380 ರೂಪಾಯಿಗೆ ತರಿಸಿದೆ. ಮೇಲೆ ತೆಳು ಹತ್ತಿಯ ಕವರು, ಅದಕ್ಕೆ ಜಿಪ್ ಇತ್ತು. ಒಳಗೆ ಕಾಳು ತುಂಬಿದ ಚೀಲ, ಅದಕ್ಕೆ ಬಿಗಿ ಹೊಲಿಗೆ. ಕವರು ಬಿಚ್ಚಿ ತೊಳೆಯಬಹುದಲ್ಲ, ಇನ್ನೇನು ಬೇಕು ಅಂದುಕೊಂಡೆ.

ಮಗಳಿಗೆ ಹಾಲು ಕಕ್ಕುವುದು ಸ್ವಲ್ಪ ಜಾಸ್ತಿ ಇತ್ತು. ಕುಡಿದ ಹಾಲು ಬಾಯಿ ಮೂಲೆಯಿಂದ ಕೆನ್ನೆ ಮೇಲೆ ಹರಿದು, ಕಿವಿ ಹಿಂದೆ ಇಳಿದು ದಿಂಬು ಸೇರುತ್ತಿತ್ತು. ನಾವು ಕೂಡಲೇ ಒರೆಸುತ್ತಿದ್ದೆವು. ಕವರು ದಿನಕ್ಕೆ ಎರಡು ಸಲ ಬದಲಾಯಿಸುತ್ತಿದ್ದೆವು. ಆದರೆ ಕವರಿನ ಕೆಳಗಿನ ಚೀಲಕ್ಕೆ ಎಷ್ಟು ಇಳಿಯಿತು ಅಂತ ಯಾರೂ ನೋಡಲಿಲ್ಲ. ಎರಡು ತಿಂಗಳಾಗುವ ಹೊತ್ತಿಗೆ ಕೂಸನ್ನು ಎತ್ತಿಕೊಂಡರೆ ತಲೆ ಹಿಂದೆ ಒಂದು ಹುಳಿ ವಾಸನೆ. ಎಣ್ಣೆ ಸ್ನಾನ ಮಾಡಿಸಿದ ದಿನವೂ ಸಂಜೆಗೆ ಅದೇ ವಾಸನೆ. ಕಿವಿ ಹಿಂದಿನ ಮಡಿಕೆಯಲ್ಲಿ ಕೆಂಪಗೆ ಗಂದೆ ಎದ್ದಿತು. ಹೆಂಡತಿಗೇ ಸಂಶಯ ಬಂದಿದ್ದು. ದಿಂಬನ್ನು ಮೂಗಿನ ಹತ್ತಿರ ಹಿಡಿದವಳು ಹಾಗೇ ನನ್ನ ಕೈಗೆ ಕೊಟ್ಟಳು. ಕೆಟ್ಟ ಉಪ್ಪಿನಕಾಯಿ ಭರಣಿ ಬಾಯಿ ತೆಗೆದ ಹಾಗಿತ್ತು.

ಅವತ್ತು ರಾತ್ರಿ ಟಾರ್ಚು ಹಿಡಿದುಕೊಂಡು ಒಳಗಿನ ಚೀಲದ ಹೊಲಿಗೆ ಬಿಚ್ಚಿದೆ. ಅಂಚಿನ ಕಾಳುಗಳು ಒಣಗಿದ್ದವು, ಜರ್ರನೆ ಉದುರಿದವು. ನಡುವಿನವು ಉದುರಲಿಲ್ಲ. ನಿಂಬೆಹಣ್ಣಿನಷ್ಟು ದಪ್ಪದ ಒಂದು ಉಂಡೆ. ಬೆರಳಿನಿಂದ ಬಿಡಿಸಿದರೆ ಕಾಳು ಕಾಳಿನ ನಡುವೆ ಬಿಳಿ ಎಳೆ. ಕೆಲವು ಕಾಳು ಸಿಪ್ಪೆ ಒಡೆದು ಮೊಳಕೆ ಬಂದಿತ್ತು, ತುದಿಯಲ್ಲಿ ಹಳದಿ ಎಲೆ ಬಿಡಿಸಲು ನೋಡುತ್ತಿತ್ತು. ಇನ್ನು ಕೆಲವಕ್ಕೆ ಬೂದು ಬಣ್ಣದ ಬೂಷ್ಟು. ನನ್ನ ಮಗಳು ಎರಡು ತಿಂಗಳು ಮೂಗಿಟ್ಟು ಮಲಗಿದ್ದು ಇದರ ಮೇಲೆ ಅಂತ ಹೊಳೆದಾಗ ಎದೆ ಹಿಂಡಿದ ಹಾಗಾಯಿತು. ಮಾರಿದವರನ್ನು ದೂರಿ ಪ್ರಯೋಜನ ಇಲ್ಲ. ಸಾಸಿವೆ ಬೀಜ. ಒದ್ದೆ, ಬೆಚ್ಚಗಿನ ಜಾಗ ಸಿಕ್ಕರೆ ಎರಡು ಮೂರು ದಿನದಲ್ಲಿ ಮೊಳೆಯುವುದು ಅದರ ಗುಣ. ತೊಳೆದರೆ ಮೊಳೆಯುತ್ತದೆ, ತೊಳೆಯದಿದ್ದರೆ ಹುಳಿಯುತ್ತದೆ. ಕಾಳನ್ನು ಹಿತ್ತಿಲಿಗೆ ಸುರಿದೆ. ವಾರದ ಮೇಲೆ ಅಲ್ಲಿ ಸಾಸಿವೆ ಸಸಿ ಎದ್ದಿತ್ತು.

ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಗಂದೆಗೆ ಅವರು ದೊಡ್ಡ ಔಷಧಿ ಏನೂ ಕೊಡಲಿಲ್ಲ. ಕಿವಿ ಹಿಂದೆ, ಕತ್ತಿನ ಮಡಿಕೆಯಲ್ಲಿ ಹಾಲು ನಿಲ್ಲಲು ಬಿಡಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ ಅಂದರು. ನಾಲ್ಕು ದಿನಕ್ಕೆ ಹೋಯಿತು. ಆದರೆ ಅವರು ಹೇಳಿದ ಮುಖ್ಯ ಮಾತು ಬೇರೆ. "ದಿಂಬು ಕ್ಲೀನಾಗಿ ಇಡುವುದು ಹೇಗೆ ಅಂತ ಕೇಳುತ್ತಿದ್ದೀರಿ. ದಿಂಬನ್ನೇ ತೆಗೆದುಬಿಡಿ. ಒಂದು ವರ್ಷ ದಾಟುವ ತನಕ ತಲೆದಿಂಬು ಬೇಡ."

ಕಾರಣವನ್ನೂ ಬಿಡಿಸಿ ಹೇಳಿದರು. ಎಳೆ ಕೂಸಿನ ಮೈಗೆ ಹೋಲಿಸಿದರೆ ತಲೆ ದೊಡ್ಡದು. ದಿಂಬಿನ ಮೇಲೆ ಇಟ್ಟರೆ ಗಲ್ಲ ಎದೆಗೆ ಬಾಗಿ ಉಸಿರಿನ ದಾರಿ ಕಿರಿದಾಗಬಹುದು. ಮುಖ ಪಕ್ಕಕ್ಕೆ ತಿರುಗಿ ಮೆತ್ತನೆಯ ದಿಂಬಿಗೆ ಒತ್ತಿದರೆ ತಾನಾಗಿ ಈಚೆ ತಿರುಗಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಗಟ್ಟಿಯಾದ, ಸಮತಟ್ಟಾದ ಹಾಸಿಗೆ, ಅಂಗಾತ ಮಲಗಿಸುವುದು, ಸುತ್ತ ದಿಂಬು, ಗೊಂಬೆ, ಸಡಿಲ ಹೊದಿಕೆ ಏನೂ ಇಲ್ಲದಿರುವುದು, ಇಷ್ಟೇ ಸಾಕು ಅಂದರು. ಅಮೆರಿಕದ ಮಕ್ಕಳ ವೈದ್ಯರ ಸಂಘವೂ ಇದನ್ನೇ ಹೇಳುತ್ತದೆ. ಅಲ್ಲಿನ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರ ನವೆಂಬರ್‌ನಲ್ಲಿ, ತಲೆಗೆ ಆಕಾರ ಕೊಡುತ್ತೇವೆ ಅಂತ ಮಾರುವ ದಿಂಬುಗಳನ್ನು ಬಳಸಬೇಡಿ ಅಂತಲೇ ಎಚ್ಚರಿಸಿತ್ತು. ಹಾಗಾದರೆ ಸೆಟ್ಟಿನಲ್ಲಿ ಬಂದ ಆ ಎರಡು ಉರುಟು ದಿಂಬೂ ಲೆಕ್ಕಕ್ಕಿಲ್ಲ ಅಂತ ಆಯಿತಲ್ಲ.

ಅಮ್ಮನಿಗೆ ಸಮಾಧಾನ ಆಗಲಿಲ್ಲ. "ತಲೆ ಚಪ್ಪಟೆ ಆಗ್ತದೆ ಮಾರಾಯ" ಅಂದರು. ಅದಕ್ಕೂ ಡಾಕ್ಟರು ಉಪಾಯ ಹೇಳಿದ್ದರು. ಮಲಗಿಸುವಾಗ ಒಂದು ದಿನ ತಲೆ ಈ ಕಡೆ, ಒಂದು ದಿನ ಆ ಕಡೆ. ಎಚ್ಚರ ಇದ್ದಾಗ ನಮ್ಮ ಕಣ್ಣೆದುರಲ್ಲೇ ಹೊಟ್ಟೆ ಮೇಲೆ ಮಲಗಿಸಿ ಆಡಿಸುವುದು. ಆ ಕೆಲಸವನ್ನು ಅಮ್ಮನಿಗೇ ಒಪ್ಪಿಸಿದೆವು. ಚಾಪೆ ಹಾಸಿ, ಕೂಸನ್ನು ಬೋರಲು ಹಾಕಿ, ಎದುರಿಗೆ ತಾವೂ ಕೂತು ದಿನಾ ಮೂರು ನಾಲ್ಕು ಸಲ ಮಾತಾಡಿಸುತ್ತಿದ್ದರು. ಮಗಳ ತಲೆ ಚೆನ್ನಾಗಿಯೇ ದುಂಡಗಿದೆ.

ಡ್ರೈ ಶೀಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಗೊಳ್ಳಿ. ಒಂದು ಕಡೆ ಮೆತ್ತಗಿನ ಬಟ್ಟೆ, ಇನ್ನೊಂದು ಕಡೆ ನೀರು ಇಳಿಯದ ಪದರ. ಮೊದಲು ದೊಡ್ಡದು ಒಂದು ತಂದಿದ್ದೆವು, ಆಮೇಲೆ ಗೊತ್ತಾಯಿತು, ಸಣ್ಣದು ಮೂರು ಇದ್ದರೆ ಒಳ್ಳೆಯದು. ತೊಳೆಯಲೂ ಸುಲಭ, ಒಂದು ಒದ್ದೆಯಾದರೆ ಇನ್ನೊಂದು ಕೈಗೆ ಸಿಗುತ್ತದೆ. ಕೂಸನ್ನು ನೇರವಾಗಿ ಅದರ ಮೇಲೆ ಮಲಗಿಸಬೇಡಿ, ಬೆವರುತ್ತದೆ. ಮೇಲೊಂದು ಹತ್ತಿ ಬಟ್ಟೆ ಎಳೆದು ಬಿಗಿಯಾಗಿ ಸಿಕ್ಕಿಸಿ. ಬಿಸಿ ನೀರು, ಬ್ರಷ್ಷು, ಬ್ಲೀಚು, ಇಸ್ತ್ರಿ ಇದಕ್ಕೆ ಆಗಿಬರುವುದಿಲ್ಲ. ನೀರು ತಡೆಯುವ ಪದರ ಬಿರುಕು ಬಿಡುತ್ತದೆ, ಆಮೇಲೆ ಅದು ಬರೀ ಟವೆಲ್ಲು. ನನ್ನ ಮೊದಲನೆಯದು ಹಾಗೇ ಹಾಳಾಯಿತು, ತಪ್ಪು ನನ್ನದೇ. ಇನ್ನೊಂದು ಮಾತು, ಅಂಗಡಿಯವನಾಗಿ ಹೇಳುತ್ತೇನೆ. ನೀರು ಇಳಿಯದ ಬಟ್ಟೆಯನ್ನು ವಾಷಿಂಗ್ ಮೆಷಿನ್ನಿನ ಡ್ರೈಯರಿಗೆ ಹಾಕಬೇಡಿ. ಒಳಗೆ ನೀರು ಸಿಕ್ಕಿಕೊಂಡು, ಜೋರಾಗಿ ತಿರುಗುವಾಗ ತೂಕ ಒಂದು ಕಡೆ ಬಿದ್ದು ಮೆಷಿನ್ನು ಎಗರುತ್ತದೆ. ಹಾಗೆ ಡ್ರಮ್ಮು ಹಾಳಾದ ಮೆಷಿನ್ನುಗಳನ್ನು ನಾನು ಬಿಚ್ಚಿ ನೋಡಿದ್ದೇನೆ.

ನಮ್ಮ ಮನೆಗೆ ಬಂದಿದ್ದರಲ್ಲಿ ಅತಿ ಒಳ್ಳೆಯದು ದುಡ್ಡಿಗೆ ಬಂದಿದ್ದಲ್ಲ. ಹೆಂಡತಿಯ ತವರು ರಾಣೆಬೆನ್ನೂರು. ಬಾಣಂತನಕ್ಕೆ ಅಂತ ಅತ್ತೆ ಬಂದಾಗ ಮೂರು ಪುಟ್ಟ ಕೌದಿ ತಂದಿದ್ದರು. ಕೌದಿ ಅಂದರೆ ಗೊತ್ತಲ್ಲ, ಹಳೆ ಹತ್ತಿ ಸೀರೆಗಳನ್ನು ಪದರ ಪದರವಾಗಿ ಇಟ್ಟು ಕೈಯಲ್ಲಿ ಹೊಲಿದ ಹಾಸು. ಒಳಗೆ ಹತ್ತಿ ಇಲ್ಲ, ಸ್ಪಂಜು ಇಲ್ಲ, ತುಂಬಿದ್ದು ಏನೂ ಇಲ್ಲ. ಇವುಗಳಿಗೆ ನಾಲ್ಕೇ ಪದರ. ಬೆರಳಗಲಕ್ಕೆ ಒಂದರಂತೆ ಹೊಲಿಗೆಯ ಸಾಲು, ಅಂಚಿನಿಂದ ಸುತ್ತಿ ಸುತ್ತಿ ನಡುವಿಗೆ ಹೋಗಿ ಮುಗಿಯುತ್ತದೆ. ನೀಲಿ ಸೀರೆಯ ಮೇಲೆ ಕೆಂಪು ದಾರ. ಒಂದು ಕಡೆ ದಾರ ಮುಗಿದು ಹಳದಿ ಹಾಕಿದ್ದಾರೆ. ಕೈಯಾಡಿಸಿದರೆ ಆ ಸಾಲುಗಳು ಸಣ್ಣ ಅಲೆಯ ಹಾಗೆ ಬೆರಳಿಗೆ ಸಿಗುತ್ತವೆ. ಹೊಸ ಬಟ್ಟೆಯಲ್ಲಿ ಹೊಲಿಯಬಹುದಿತ್ತಲ್ಲ ಅಂತ ನಾನು ಕೇಳಿದ್ದಕ್ಕೆ ಅತ್ತೆ, "ಹೊಸಾ ಅರಿವಿ ಚುಚ್ಚತೈತಿ. ನೂರು ಸಲ ಒಗದ ಅರಿವೀನ ಕೂಸಿಗೆ ಚಲೋ" ಅಂದರು.

ಆ ಮಾತಿನ ಬೆಲೆ ಆಮೇಲೆ ತಿಳಿಯಿತು. ನೂರು ಸಲ ಒಗೆದ ಬಟ್ಟೆ ಇನ್ನೂ ನೂರು ಸಲ ಒಗೆಯಲು ತಯಾರಿರುತ್ತದೆ. ಬಣ್ಣ ಬಿಡುವುದಿಲ್ಲ, ಕುಗ್ಗುವುದಿಲ್ಲ. ಕೌದಿಯನ್ನು ಪೂರ್ತಿಯಾಗಿ ಬಿಸಿ ನೀರಲ್ಲಿ ನೆನೆಸಬಹುದು, ಹಿಂಡಬಹುದು, ಡ್ರೈಯರಿಗೆ ಹಾಕಬಹುದು, ಇಸ್ತ್ರಿ ಮಾಡಬಹುದು. ನಾಲ್ಕೇ ಪದರ ಇರುವುದರಿಂದ ಬೇಗ ಒಣಗುತ್ತದೆ. ತೆಳುವಾಗಿ, ಗಟ್ಟಿಯಾಗಿ, ಸಮತಟ್ಟಾಗಿ ಇರುತ್ತದೆ. ಡಾಕ್ಟರು ಹೇಳಿದ ಹಾಸಿಗೆಯ ಗುಣ ಎಲ್ಲ ಇದರಲ್ಲಿದೆ. ಆದರೆ ಇದನ್ನು ಕೂಸಿಗೆ ಹೊದಿಸಬೇಡಿ, ಭಾರ ಇದೆ, ಮುಖದ ಮೇಲೆ ಬಂದರೆ ಕಷ್ಟ. ಅಡಿಗೆ ಹಾಸಿ, ಅಂಚುಗಳನ್ನು ಕೆಳಗೆ ಮಡಚಿ ಸಿಕ್ಕಿಸಿ.

ನಿಮ್ಮ ಮನೆಯಲ್ಲಿ ಹೊಲಿಯುವವರು ಇಲ್ಲದಿದ್ದರೆ, ಧಾರವಾಡ, ಗದಗ, ಹಾವೇರಿ ಕಡೆಯ ಊರುಗಳಲ್ಲಿ ಹಳೆ ಸೀರೆ ಕೊಟ್ಟರೆ ಕೌದಿ ಹೊಲಿದುಕೊಡುವ ಹೆಂಗಸರು ಇನ್ನೂ ಇದ್ದಾರೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರ ಕೌದಿಯೂ ಹೆಸರುವಾಸಿ, ಅವರದ್ದು ಬಣ್ಣದ ತುಂಡುಗಳನ್ನು ಜೋಡಿಸಿದ್ದು. ಅಂಥವರಿಗೆ ಹೇಳುವಾಗ ಎರಡು ವಿಷಯ ಮರೆಯಬೇಡಿ: ಮೂರು ನಾಲ್ಕು ಪದರಕ್ಕಿಂತ ಜಾಸ್ತಿ ಬೇಡ, ಮತ್ತು ಪಾಲಿಯೆಸ್ಟರ್ ಸೀರೆ ಬೇಡ.

ಸೀರೆ ವಿಷಯ ಬಂತಲ್ಲ, ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಅಮ್ಮ ಕೂಸಿನ ಬಟ್ಟೆಗೆ ಅಂತ ಟ್ರಂಕಿನಲ್ಲಿದ್ದ ಹಳೆ ಸೀರೆ ತೆಗೆದಿದ್ದರು. ಬಿಚ್ಚಿದ ಕೂಡಲೇ ನುಸಿಗುಳಿಗೆ ವಾಸನೆ ಘಮ್ಮೆಂದು ಬಂತು. ಹೆರಿಗೆಯಾದ ಆಸ್ಪತ್ರೆಯ ನರ್ಸ್ ಒಬ್ಬರು ಮನೆಗೆ ಕಳಿಸುವಾಗಲೇ ಹೇಳಿದ್ದರು, ನುಸಿಗುಳಿಗೆ ಹಾಕಿಟ್ಟ ಬಟ್ಟೆ ಕೂಸಿಗೆ ಬಳಸಬೇಡಿ ಅಂತ. ಆ ಗುಳಿಗೆಯಲ್ಲಿ ಸಾಮಾನ್ಯವಾಗಿ ಇರುವುದು ನ್ಯಾಫ್ತಲೀನ್. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಅನ್ನುವ ಕಿಣ್ವ ಕಡಿಮೆ ಇರುತ್ತದೆ. ಅಂಥ ಕೂಸಿನ ಮೈಗೆ ನ್ಯಾಫ್ತಲೀನ್ ಸೇರಿದರೆ ಕೆಂಪು ರಕ್ತಕಣ ಒಡೆದು ಕಾಮಾಲೆ ಏರಿಬಿಡುತ್ತದೆ. ಪರೀಕ್ಷೆ ಮಾಡಿಸದೆ ಯಾವ ಕೂಸಿಗೆ ಕಡಿಮೆ ಇದೆ ಅಂತ ಗೊತ್ತಾಗುವುದಿಲ್ಲ. ಆ ಸೀರೆಗಳನ್ನು ಹಾಗೇ ಮಡಚಿ ಒಳಗಿಟ್ಟೆವು. ಈಗ ಕೂಸಿನ ಹಾಸುಗಳನ್ನು ಇಡುವ ಕಪಾಟಿನಲ್ಲಿ ನೆರಳಲ್ಲಿ ಒಣಗಿಸಿದ ಬೇವಿನ ಸೊಪ್ಪನ್ನು ಬಟ್ಟೆಗೆ ಕಟ್ಟಿ ಇಟ್ಟಿದ್ದೇವೆ.

ಒಗೆಯುವುದು ನನಗೆ ಈಗ ಕೈಗೆ ಬಂದ ಕೆಲಸ. ಉಚ್ಚೆ, ಹಾಲು, ಕಕ್ಕ, ಏನೇ ಆಗಿರಲಿ, ಮೊದಲು ತಣ್ಣೀರು. ಹಾಲಿನ ಕಲೆಗೆ ಮೊದಲೇ ಬಿಸಿ ನೀರು ಹಾಕಿದರೆ ಅದು ಬಟ್ಟೆಯಲ್ಲೇ ಬೆಂದು ಕೂರುತ್ತದೆ, ಆಮೇಲೆ ಏನು ಮಾಡಿದರೂ ಹೋಗುವುದಿಲ್ಲ. ಕಕ್ಕದ ಬಟ್ಟೆಗೆ ಬೇರೆ ಬಕೆಟ್ಟು. ತಲೆಯ ಎಣ್ಣೆ ಅಂಟಿದ ಜಾಗಕ್ಕೆ ಬಟ್ಟೆ ಒಣಗಿರುವಾಗಲೇ ಸೋಪು ಉಜ್ಜಿ ಸ್ವಲ್ಪ ಹೊತ್ತು ಬಿಡಬೇಕು. ನೀರು ಹಾಕಿದ ಮೇಲೆ ಉಜ್ಜಿದರೆ ಎಣ್ಣೆ ಬಿಡುವುದಿಲ್ಲ, ಕೊಬ್ಬರಿ ಎಣ್ಣೆ ನಾಲ್ಕು ದಿನಕ್ಕೆ ಕಮಟು ವಾಸನೆ ಹೊಡೆಯುತ್ತದೆ. ಸೋಪಿನ ಪುಡಿ ನಾವು ದೊಡ್ಡವರ ಬಟ್ಟೆಗೆ ಹಾಕುವುದರ ಅರ್ಧ ಸಾಕು. ಆದರೆ ನೊರೆ ಪೂರ್ತಿ ಹೋಗುವ ತನಕ ಜಾಲಿಸಬೇಕು. ನನಗೆ ಮೂರು ನೀರು ಬೇಕಾಗುತ್ತದೆ. ಪರಿಮಳ ಬರುವ ಫ್ಯಾಬ್ರಿಕ್ ಕಂಡೀಷನರ್ ಒಂದು ಬಾಟ್ಲಿ ತಂದಿದ್ದೆವು, ಅದನ್ನು ಹಾಕಿದ ಬಟ್ಟೆ ಉಚ್ಚೆ ಹೀರುವುದೇ ಕಡಿಮೆಯಾಯಿತು. ಬಿಟ್ಟೆವು. ಎಳೆ ಚರ್ಮಕ್ಕೆ ಪರಿಮಳದ ಅಗತ್ಯವೂ ಇಲ್ಲ.

ವಾರಕ್ಕೊಂದು ಸಲ, ಡ್ರೈ ಶೀಟ್ ಬಿಟ್ಟು ಉಳಿದ ಹಾಸುಗಳಿಗೆಲ್ಲ ಬಿಸಿ ನೀರು. ಇದು ಬರೀ ಕೊಳೆಗೆ ಅಲ್ಲ. ಹಾಸಿಗೆಯಲ್ಲಿ ಕಣ್ಣಿಗೆ ಕಾಣದ ಧೂಳುನುಸಿ ಇರುತ್ತವೆ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಅವಕ್ಕೆ ಊಟ, ಗಾಳಿಯ ತೇವವೇ ನೀರು. ಅಂದ ಮೇಲೆ ಮಲೆನಾಡಿನ ಮಳೆಗಾಲ ಅವಕ್ಕೆ ಹಬ್ಬ. ಉಬ್ಬಸ, ಅಲರ್ಜಿ ಇರುವ ಮನೆಯಲ್ಲಿ ಇದರ ಬಗ್ಗೆ ಎಚ್ಚರ ಬೇಕು. ನನಗೆ ಚಿಕ್ಕಂದಿನಿಂದ ಉಬ್ಬಸ ಇದೆ, ಹಾಗಾಗಿ ಮಗಳ ವಿಷಯದಲ್ಲಿ ನನಗೆ ಭಯ ಸ್ವಲ್ಪ ಜಾಸ್ತಿಯೇ. 60 ಡಿಗ್ರಿ ನೀರಲ್ಲಿ ತೊಳೆದರೆ ನುಸಿ ಸಾಯುತ್ತದೆ. ಫ್ರಂಟ್ ಲೋಡ್ ಮೆಷಿನ್ ಇದ್ದವರು 60ಕ್ಕೆ ಇಟ್ಟರೆ ಆಯಿತು. ನಮ್ಮದು ಸೆಮಿ ಆಟೋಮ್ಯಾಟಿಕ್, ನೀರು ಕಾಯಿಸುವುದಿಲ್ಲ. ಬಚ್ಚಲ ಹಂಡೆ ಇದೆಯಲ್ಲ. ಅಂಗಡಿಯ ಮಲ್ಟಿಮೀಟರಿಗೆ ಉಷ್ಣತೆ ಅಳೆಯುವ ವೈರು ಸಿಕ್ಕಿಸಿ ಹಂಡೆಗೆ ಇಳಿಬಿಟ್ಟು ನೋಡಿದೆ. 72 ಡಿಗ್ರಿ. ಸ್ಟೀಲ್ ಬಕೆಟ್ಟಿಗೆ ತೋಡಿ ಬಟ್ಟೆ ಹಾಕಿದಾಗ 64ಕ್ಕೆ ಇಳಿಯಿತು. ಮುಚ್ಚಿ ಅರ್ಧ ಗಂಟೆ ಇಟ್ಟು ಆಮೇಲೆ ಮೆಷಿನ್ನಿಗೆ ಹಾಕುತ್ತೇನೆ. ಮೆಷಿನ್ನಿನ ಪ್ಲಾಸ್ಟಿಕ್ ಟಬ್ಬಿಗೆ ಅಷ್ಟು ಬಿಸಿ ನೀರು ನೇರವಾಗಿ ಸುರಿಯಬೇಡಿ.

ಎಲ್ಲಕ್ಕಿಂತ ಕಷ್ಟ ಒಣಗಿಸುವುದು. ಹೊರಗಿನ ಗಾಳಿಯೇ ಒದ್ದೆ ಇರುವಾಗ ಕಿಟಕಿ ತೆಗೆದು ಏನು ಪ್ರಯೋಜನ? ಅಮ್ಮ ಮೊದಲು ಬಚ್ಚಲ ಒಲೆ ಮೇಲಿನ ಅಟ್ಟದಲ್ಲಿ ಹರವುತ್ತಿದ್ದರು. ಒಣಗುತ್ತಿತ್ತು, ಆದರೆ ಹೊಗೆ ಕುಡಿದು ಬರುತ್ತಿತ್ತು. ಬುಟ್ಟಿ ಮಗುಚಿ ಸಾಂಬ್ರಾಣಿ ಹೊಗೆಯ ಮೇಲೆ ಬಟ್ಟೆ ಹಾಕುವ ಪದ್ಧತಿಯೂ ನಮ್ಮಲ್ಲಿದೆ. ಎಳೆ ಕೂಸಿನ ಹತ್ತಿರ ಹೊಗೆ ಬೇಡ, ಬಟ್ಟೆಯಲ್ಲೂ ಬೇಡ ಅಂತ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು. ಅಮ್ಮ ಇದನ್ನು ಒಂದೇ ಮಾತಿಗೆ ಒಪ್ಪಿಕೊಂಡರು. ನನ್ನ ಉಬ್ಬಸದ ರಾತ್ರಿಗಳು ಅವರಿಗೆ ನೆನಪಿರಬೇಕು.

ನಮ್ಮ ಹಂಡೆ ಒಲೆಯ ಹೊಗೆ ಕೊಳವೆ ಪಕ್ಕದ ಉಗ್ರಾಣದ ಮೂಲಕ ಮೇಲೆ ಹೋಗುತ್ತದೆ. ಆ ಕೋಣೆಯಲ್ಲಿ ಬಿಸಿ ಇದೆ, ಹೊಗೆ ಇಲ್ಲ. ಅಲ್ಲಿ ಕೊಳವೆಯಿಂದ ಮೂರು ಅಡಿ ಬಿಟ್ಟು ಎರಡು ಹಗ್ಗ ಕಟ್ಟಿದೆ, ಕೆಳಗೊಂದು ಟೇಬಲ್ ಫ್ಯಾನ್ ಇಟ್ಟೆ. ಮೆಷಿನ್ನಿನ ಡ್ರೈಯರು ನಿಮಿಷಕ್ಕೆ 1,300 ಸುತ್ತು ತಿರುಗುತ್ತದೆ. ಅದರಲ್ಲಿ ಐದು ನಿಮಿಷ ಹಾಕಿ ತೆಗೆದ ಕೌದಿಯನ್ನು ರಾತ್ರಿ ಒಂಬತ್ತಕ್ಕೆ ಹರವಿದರೆ ಬೆಳಗ್ಗೆ ಮುಕ್ಕಾಲು ಭಾಗ ಒಣಗಿರುತ್ತದೆ. ಉಳಿದ ತೇವ ಇಸ್ತ್ರಿ ಪೆಟ್ಟಿಗೆಯಲ್ಲಿ ಹೋಗುತ್ತದೆ. ಕೈಗೆ ಒಣಗಿದ ಹಾಗೆ ಕಂಡರೂ ನಂಬಬೇಡಿ. ನಾನು ಹೊಲಿಗೆ ದಪ್ಪ ಇರುವ ಮೂಲೆಯನ್ನು ಮಡಚಿ ಮೂಗಿಗೆ ಹಿಡಿಯುತ್ತೇನೆ. ಏನೂ ವಾಸನೆ ಇರಬಾರದು. ಸ್ವಲ್ಪ ಮುಗ್ಗಲು ಅನಿಸಿದರೂ ಮತ್ತೆ ನೀರಿಗೆ.

ಕಳೆದ ವರ್ಷ ಪುನರ್ವಸು ಮಳೆಯಲ್ಲಿ ಗಾಳಿಗೆ ಮರ ಬಿದ್ದು ನಾಲ್ಕು ದಿನ ಕರೆಂಟು ಇರಲಿಲ್ಲ. ಮನೆಯ ಇನ್ವರ್ಟರಿಗೆ ಬಿಎಲ್‌ಡಿಸಿ ಅನ್ನುವ, ಕಡಿಮೆ ಕರೆಂಟಿನಲ್ಲಿ ಓಡುವ ಫ್ಯಾನ್ ಒಂದನ್ನು ಸಿಕ್ಕಿಸಿದೆ. ಅದಕ್ಕೆ 30 ವ್ಯಾಟ್ ಸಾಕು, ಹಳೆ ಫ್ಯಾನಿಗಾದರೆ 75 ಬೇಕು. ಅದನ್ನೂ ರಾತ್ರಿ ಮಾತ್ರ ಓಡಿಸಿದೆವು. ಆ ನಾಲ್ಕು ದಿನ ಕೂಸಿನ ಹಾಸು ಒಂದೂ ಒದ್ದೆ ಉಳಿಯಲಿಲ್ಲ. ನಮ್ಮ ಬಟ್ಟೆ ಮಾತ್ರ ಜಗಲಿಯಲ್ಲಿ ಹಾಗೇ ತೂಗುತ್ತಿತ್ತು, ತೂಗಲಿ ಅಂತ ಬಿಟ್ಟೆವು. ಮಳೆನಾಡಿನಲ್ಲಿರುವವರು ಆರು ಹಾಸಾದರೂ ಇಟ್ಟುಕೊಳ್ಳಿ. ಎರಡು ಬಳಕೆಯಲ್ಲಿ, ಎರಡು ಹಗ್ಗದಲ್ಲಿ, ಎರಡು ಕಪಾಟಿನಲ್ಲಿ. ನಮಗೆ ಅತ್ತೆಯ ಮೂರು ಕೌದಿ ಸಾಲಲಿಲ್ಲ, ಅವರು ಇಲ್ಲಿದ್ದಷ್ಟು ದಿನ ಮಧ್ಯಾಹ್ನ ಕೂಸು ಮಲಗಿದಾಗ ಕೂತು ಇನ್ನೂ ಮೂರು ಹೊಲಿದರು.

ಮಗಳಿಗೆ ವರ್ಷ ತುಂಬಿದ ಮೇಲೆ ಡಾಕ್ಟರನ್ನು ಕೇಳಿ ತೆಳು ದಿಂಬು ಶುರು ಮಾಡಿದ್ದೇವೆ. ಈ ಸಲ ಅಂಗಡಿಗೆ ಹೋಗಲಿಲ್ಲ. ಪೇಟೆಯ ದರ್ಜಿಯ ಹತ್ತಿರ ಮಲ್ ಬಟ್ಟೆಯ ಎರಡು ಚೀಲ ಹೊಲಿಸಿದೆ, ಒಂದು ಬದಿ ಉದ್ದಕ್ಕೂ ಬಾಯಿ, ಮೂರು ಕಡೆ ಕಟ್ಟಲು ಲಾಡಿ. ಜಿಪ್ಪೂ ಇಲ್ಲ, ಗುಂಡಿಯೂ ಇಲ್ಲ, ಕೂಸಿನ ಕೈಗೆ ಸಿಗದ ಹಾಗೆ ಲಾಡಿ ಒಳಗೆ ಹೋಗುತ್ತದೆ. ಕೂಲಿ 120 ರೂಪಾಯಿ. ಒಳಗೆ ಒಂದು ಹತ್ತಿ ಟವೆಲ್ ಮೂರು ಮಡಿಕೆ ಮಾಡಿ ಹಾಕುತ್ತೇವೆ, ಅದೇ ದಿಂಬು. ಹಾಲು ಚೆಲ್ಲಿದರೆ ಟವೆಲ್ಲೂ ಕವರೂ ಎರಡೂ ಬಕೆಟ್ಟಿಗೆ ಹೋಗುತ್ತವೆ.

ಈ ವಾರ ಆಶ್ಲೇಷ ಮಳೆ ಹಿಡಿದಿದೆ. ಅಮ್ಮ ಬೆಳಗ್ಗೆ "ಆಶ್ಲೇಷ ಮಳೆ ಈಸಲಾರದ ಹೊಳೆ" ಅನ್ನುತ್ತಾ ತುಂಗೆ ಎಷ್ಟು ಏರಿದೆ ಅಂತ ವಿಚಾರಿಸುತ್ತಿದ್ದರು. ಉಗ್ರಾಣದ ಹಗ್ಗದಲ್ಲಿ ಎರಡು ಕೌದಿ, ಒಂದು ದಿಂಬಿನ ಚೀಲ ಇವೆ. ನೀಲಿ ಕೌದಿಯ ಅಂಚಿನ ಕೆಂಪು ದಾರ ಒಂದು ಗೇಣಿನಷ್ಟು ಬಿಚ್ಚಿದೆ. ಮುಂದಿನ ತಿಂಗಳು ಅತ್ತೆ ಬರುತ್ತಾರೆ, ಅಷ್ಟರೊಳಗೆ ನಾನೇ ಹಾಕಿಬಿಡೋಣ ಅಂತ ದಾರ ತಂದಿಟ್ಟಿದ್ದೇನೆ.